‘ಬರೀ ಮೋಜಿಗೆ’ ಅಂದ್ರೆ ಯಾರ ಮೋಜಿಗೆ?

ಗಲ್ಲಿ ಕ್ರಿಕೆಟ್ ಆಡಿದವರಿಗೆಲ್ಲ ಒಂದು ಕಾನೂನು ಗೊತ್ತು: ಬ್ಯಾಟ್ ಯಾರದೋ ಅವನದೇ ಮೊದಲ ಬ್ಯಾಟಿಂಗ್. ಅವನು ಔಟಾದರೆ ಅದು ಟ್ರಯಲ್ ಬಾಲ್. ಇದನ್ನ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಬ್ಯಾಟ್ ಇಲ್ಲದ ಹುಡುಗನಿಗೆ ಜೀವನವಿಡೀ ನೆನಪಿರುತ್ತೆ. ನೀವು ಇಲ್ಲೇ ಹುಟ್ಟಿ ಬೆಳೆದವರಾದರೆ ನಿಮ್ಮ ಅಪ್ಪನನ್ನೋ ಮಾವನನ್ನೋ ಕೇಳಿ ನೋಡಿ, ಕಥೆ ಹೇಳ್ತಾರೆ.

ಮೂವತ್ತು ದಾಟಿದ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ತಣ್ಣೀರಿನ ಮೇಲೆ, ನನಗೆ ಅದೇ ಕಾನೂನು ಮತ್ತೆ ಎದುರಾಯ್ತು.

ಬೇಸಿಗೆಯಲ್ಲಿ ಈ ಕೊಲ್ಲಿಯ ಸುತ್ತಲಿನ ಕ್ಲಬ್ಬುಗಳು ವಾರಕ್ಕೊಂದು ಸಂಜೆ ಹಾಯಿದೋಣಿ ರೇಸ್ ನಡೆಸುತ್ತವೆ. ಆಡುಮಾತಿನಲ್ಲಿ ಇದಕ್ಕೆ ‘ಬಿಯರ್ ಕ್ಯಾನ್ ರೇಸ್’ ಅನ್ನೋ ಹೆಸರಿದೆ. ಒಳನಾಡಿನ ಕಣಿವೆ ಮಧ್ಯಾಹ್ನ ಕಾದು ಬಿಸಿಗಾಳಿ ಮೇಲೇರುತ್ತೆ, ಆ ಜಾಗಕ್ಕೆ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಮೂಲಕ ನುಗ್ಗಿ ಬರುತ್ತೆ. ಆಫೀಸು ಮುಗಿಸಿ ಬರೋ ಹೊತ್ತಿಗೆ ಒಳ್ಳೆ ಗಾಳಿ ಇರುತ್ತೆ. ಜೂನ್ ಕೊನೆಯಲ್ಲಿ ಎಂಟೂವರೆವರೆಗೂ ಬೆಳಕು. ದೋಣಿ ಇದ್ದವರಿಗೆ ಯಾವಾಗಲೂ ಕೈಗಳು ಕಡಿಮೆ. ಹಾಗಾಗಿ ಜಾಕೆಟ್ ಹಾಕಿಕೊಂಡು ಕಟ್ಟೆ ಮೇಲೆ ನಿಂತರೆ ಯಾರಾದರೂ ಕರೆದೇ ಕರೀತಾರೆ. ನಾನೂ ಹಾಗೇ ಹೋದವನು. ನಿಮ್ಮ ಊರಿನವರು ಯಾರು, ಕೆಲಸ ಏನು ಅಂತ ಕೇಳಲ್ಲ. ‘ಹಗ್ಗ ಎಳೀತೀಯಾ?’ ಅಂತಾರೆ, ಅಷ್ಟೆ. ಇದಕ್ಕಿಂತ ಒಳ್ಳೆ ಸ್ವಾಗತ ನನಗೆ ಈ ದೇಶದಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ಅದಕ್ಕೇ ಈ ತಕರಾರು.

ಒಂದು ಸಂಜೆ ನಡೆದದ್ದು. ಕ್ಲಬ್ಬಿನ ಹೆಸರು ಬೇಡ. ನಮ್ಮ ದೋಣಿಗೆ ಗಾಳಿ ಬಲಗಡೆಯಿಂದ ಬರ್ತಿತ್ತು, ಅಂದರೆ ನಾವು ಸ್ಟಾರ್‌ಬೋರ್ಡ್ ಟ್ಯಾಕ್ ಮೇಲಿದ್ದೆವು. ಎದುರಿಂದ ಬಂದ ದೋಣಿಗೆ ಗಾಳಿ ಎಡಗಡೆಯಿಂದ, ಅದು ಪೋರ್ಟ್ ಟ್ಯಾಕ್. ಇಂಥ ಹೊತ್ತಲ್ಲಿ ಪೋರ್ಟ್‌ನವರು ದಾರಿ ಬಿಡಬೇಕು ಅನ್ನೋದು ರೇಸಿಂಗ್ ನಿಯಮ 10. ಮೊದಲ ದಿನವೇ ಎಲ್ಲರಿಗೂ ಹೇಳಿಕೊಡೋ ಪಾಠ. ನಾವು ‘ಸ್ಟಾರ್‌ಬೋರ್ಡ್!’ ಅಂತ ಕೂಗಿದೆವು. ಅವರು ಬಿಡಲಿಲ್ಲ. ಕೊನೇ ಕ್ಷಣದಲ್ಲಿ ನಮ್ಮ ಸ್ಕಿಪ್ಪರ್ ಚುಕ್ಕಾಣಿ ತಿರುಗಿಸಿ ತಪ್ಪಿಸಿದರು. ನಾನು ಹಿಡಿತ ತಪ್ಪಿ ಮಂಡಿ ಒಡೆದುಕೊಂಡೆ. ದಡಕ್ಕೆ ಬಂದ ಮೇಲೆ ಆ ಹಿರಿಯರು ನಗುತ್ತಾ ಅಂದರು: ‘ಅಯ್ಯೋ, ಬರೀ ಮೋಜಿಗಲ್ವಾ, ಬಿಡಿ.’ ನಮ್ಮ ಸ್ಕಿಪ್ಪರ್ ಬಿಟ್ಟರು. ರೇಸ್ ಗೆದ್ದದ್ದು ಆ ಹಿರಿಯರೇ.

ಈಗ ನೀವೇ ಹೇಳಿ, ಆ ಮೋಜು ಯಾರದು?

ಈ ಆಟದ ವಿಶೇಷ ಏನಂದರೆ, ಇಂಥ ಸಂಜೆ ರೇಸಿನಲ್ಲಿ ನೀರಿನ ಮೇಲೆ ಸೀಟಿ ಊದೋ ಅಂಪೈರ್ ಇರಲ್ಲ. ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ನಿಯಮದ ಪುಸ್ತಕ ಹೊರಡಿಸುತ್ತೆ, ಈಗಿನದು 2025ರಿಂದ 2028ರವರೆಗಿನದು. ನಿಯಮ ಶುರುವಾಗೋ ಮುಂಚೆಯೇ ಅದರಲ್ಲಿ ಒಂದು ಮೂಲತತ್ವ ಇದೆ: ತಪ್ಪು ಮಾಡಿದ ದೋಣಿ ತಾನಾಗಿಯೇ ಶಿಕ್ಷೆ ತಗೋಬೇಕು. ಸಾಮಾನ್ಯ ಶಿಕ್ಷೆ ಅಂದರೆ ಗುಂಪಿನಿಂದ ಪಕ್ಕಕ್ಕೆ ಸರಿದು ಎರಡು ಸುತ್ತು ಗಿರಕಿ ಹೊಡೆದು ಮತ್ತೆ ರೇಸಿಗೆ ಸೇರೋದು. ತಗೊಳ್ಳದಿದ್ದರೆ ಎದುರಿನವರು ಕೂಡಲೇ ‘ಪ್ರೊಟೆಸ್ಟ್’ ಅಂತ ಕೂಗಿ ಕೆಂಪು ಬಾವುಟ ತೋರಿಸಬಹುದು, ದಡದಲ್ಲಿ ವಿಚಾರಣೆ ನಡೆಯುತ್ತೆ. ಇಷ್ಟೇ ವ್ಯವಸ್ಥೆ. ಗೆಲ್ಲೋದಕ್ಕಿಂತ ಮಾತಿಗೆ ಬೆಲೆ ಕೊಡೋ ಜನ ಕಟ್ಟಿದ ಆಟ ಇದು. ‘ಮೋಜಿಗಲ್ವಾ’ ಅಂದ ತಕ್ಷಣ ಅದರ ಬುಡವೇ ಅಲುಗಾಡುತ್ತೆ.

ನಿಯಮ ಸಡಿಲ ಆದರೆ ಹೊಸಬರಿಗೆ ಸುಲಭ ಅಂತ ವಾದ ಮಾಡ್ತಾರೆ. ಸುಳ್ಳು. ಇಪ್ಪತ್ತು ವರ್ಷದಿಂದ ಬರ್ತಿರೋರಿಗೆ ಕಾಗದ ಬೇಡ. ಯಾರಿಗೆ ದಾರಿ ಬಿಡಬೇಕು, ಯಾರ ಹತ್ತಿರ ತಗಾದೆ ಬೇಡ ಅನ್ನೋದು ಅವರಿಗೆ ಗೊತ್ತಿರುತ್ತೆ. ಹೊಸಬನ ಕೈಲಿರೋದು ಆ ಪುಸ್ತಕ ಒಂದೇ. ಬೇರೆ ದೇಶಕ್ಕೆ ಬಂದು ಬದುಕು ಕಟ್ಟಿಕೊಂಡ ನಿಮಗೆ ಇದನ್ನ ನಾನು ಬಿಡಿಸಿ ಹೇಳಬೇಕಾ? ಬರೆದ ನಿಯಮ ಎಷ್ಟೇ ಕಷ್ಟ ಇರಲಿ, ರಾತ್ರಿ ಕೂತು ಓದಿ ಕಲೀಬಹುದು. ಬರೆಯದ ನಿಯಮಕ್ಕೆ ಟ್ಯೂಷನ್ ಸಿಗಲ್ಲ.

ಎರಡನೇ ತಕರಾರು ಅಂಕಿಗಳದ್ದು. ನನ್ನ ಹೊಟ್ಟೆಪಾಡೇ ಅಂಕಿ ಆದ್ದರಿಂದ ಸುಮ್ಮನಿರೋಕೆ ಆಗಲ್ಲ. ಬೇರೆ ಬೇರೆ ಥರದ ದೋಣಿಗಳು ಒಟ್ಟಿಗೆ ಓಡೋದರಿಂದ ಅಮೆರಿಕದಲ್ಲಿ ಪಿ.ಎಚ್.ಆರ್.ಎಫ್. ಅನ್ನೋ ರೇಟಿಂಗ್ ಬಳಸ್ತಾರೆ. ಲೆಕ್ಕ ಸರಳ: ಮೈಲಿಗೆ ಇಷ್ಟು ಸೆಕೆಂಡು ರಿಯಾಯಿತಿ. ಒಂದು ದೋಣಿಯ ರೇಟಿಂಗ್ 84, ಇನ್ನೊಂದರದು 174 ಅಂದುಕೊಳ್ಳಿ. ವ್ಯತ್ಯಾಸ 90. ಐದು ಮೈಲಿ ರೇಸಿನಲ್ಲಿ ವೇಗದ ದೋಣಿ ನಿಧಾನದ ದೋಣಿಗೆ 450 ಸೆಕೆಂಡು, ಅಂದರೆ ಏಳೂವರೆ ನಿಮಿಷ ಬಿಟ್ಟುಕೊಡಬೇಕು. ಈ ರೇಟಿಂಗ್ ಇರೋದು ದೋಣಿಗೆ, ಓಡಿಸೋರ ಜಾಣತನಕ್ಕಲ್ಲ. ಚೆನ್ನಾಗಿ ಓಡಿಸಿದವರು ಗೆಲ್ಲಲಿ ಅಂತಲೇ ಹಾಗೆ ಮಾಡಿರೋದು.

ಆದರೆ ಹೊಸ ತಂಡ ಮೂರು ವಾರ ಗೆದ್ದರೆ ಸಾಕು, ಬಾರಿನಲ್ಲಿ ಗುಸುಗುಸು ಶುರು: ‘ಅವರ ರೇಟಿಂಗ್ ಸರಿ ಇಲ್ಲ, ಬದಲಾಯಿಸಿ.’ ಸ್ವಾಮಿ, ಮೂರು ಸಂಜೆಯ ಫಲಿತಾಂಶದಲ್ಲಿ ಗಾಳಿ ಎಷ್ಟು, ಉಬ್ಬರ ಇಳಿತ ಎಷ್ಟು, ಅದೃಷ್ಟ ಎಷ್ಟು ಅಂತ ಬೇರ್ಪಡಿಸೋಕೆ ಯಾರಿಂದಲೂ ಆಗಲ್ಲ. ಅಷ್ಟು ಕಮ್ಮಿ ಡೇಟಾ ಇಟ್ಟುಕೊಂಡು ಸರಣಿಯ ಮಧ್ಯೆ ಸಂಖ್ಯೆ ಬದಲಿಸಿದರೆ ಅದು ತಿದ್ದುಪಡಿ ಅಲ್ಲ, ಹೊಟ್ಟೆಕಿಚ್ಚಿಗೆ ಗಣಿತದ ಅಂಗಿ ತೊಡಿಸಿದ ಹಾಗೆ.

ಹಾಗಂತ ಎದುರು ಪಕ್ಷದಲ್ಲಿ ಹುರುಳೇ ಇಲ್ಲ ಅನ್ನಲ್ಲ. ಇದನ್ನ ನಡೆಸೋರೆಲ್ಲ ಸ್ವಯಂಸೇವಕರು. ಅವರೂ ಆಫೀಸಿಂದ ಓಡಿಬಂದೇ ಐದು ನಿಮಿಷದ ಬಾವುಟ ಏರಿಸ್ತಾರೆ. ವಾರದ ಸಂಜೆ ರಾತ್ರಿ ಹನ್ನೊಂದರ ತನಕ ವಿಚಾರಣೆ ನಡೆಸೋಕೆ ಯಾರಿಗೆ ತಾಳ್ಮೆ ಇದೆ? ಒಪ್ಪಿದೆ. ಹಾಗಾದರೆ ಶಿಕ್ಷೆ ಹಗುರ ಮಾಡಿ. ಎರಡು ಸುತ್ತಿನ ಬದಲು ಒಂದೇ ಸುತ್ತು ಅಂತ ಸರಣಿಯ ಸೂಚನೆಗಳಲ್ಲಿ ಬರೆಯೋಕೆ ನಿಯಮವೇ ಅವಕಾಶ ಕೊಡುತ್ತೆ. ನಿಯಮ ಹಗುರ ಮಾಡೋದು ಬೇರೆ, ಮನುಷ್ಯನ ಮುಖ ನೋಡಿ ಮಣೆ ಹಾಕೋದು ಬೇರೆ.

ನಾನು ಕೇಳೋದು ಮೂರೇ. ಒಂದು, ಸೂಚನೆಗಳು ಸರಣಿಗೆ ಮುಂಚೆ ಎಲ್ಲರ ಕೈಗೂ ಸಿಗಲಿ, ಕಟ್ಟೆಯಲ್ಲಿ ನಿಂತ ಹೊಸಬನಿಗೂ. ಎರಡು, ಮೊದಲ ರೇಸಿಗೆ ಇದ್ದ ರೇಟಿಂಗ್ ಕೊನೆಯ ರೇಸಿಗೂ ಇರಲಿ. ಬದಲಾವಣೆ ಏನಿದ್ದರೂ ಮುಂದಿನ ಸರಣಿಗೆ. ಮೂರು, ತಪ್ಪು ಮಾಡಿದವರು ಸುತ್ತು ಹೊಡೀಲಿ, ಹಿರಿಯರು ಎಲ್ಲರಿಗಿಂತ ಮೊದಲು. ದೊಡ್ಡವರು ಒಂದು ಸಲ ಗಿರಕಿ ಹೊಡೆದರೆ ಹತ್ತು ಭಾಷಣಕ್ಕೆ ಸಮ.

ಇನ್ನು ನಿಮಗೊಂದು ಮಾತು. ‘ಸೇಲಿಂಗ್ ನಮ್ಮಂಥವರಿಗಲ್ಲಪ್ಪ, ದುಡ್ಡಿದ್ದೋರ ಆಟ’ ಅಂತ ಸುಮ್ಮನೆ ಕೂರಬೇಡಿ. ದೋಣಿ ಅವರದು, ನಿಮಗೆ ಬೇಕಾಗಿರೋದು ಬೆಚ್ಚನೆ ಬಟ್ಟೆ, ಲೈಫ್ ಜಾಕೆಟ್, ಒಂದು ಸಂಜೆ. ಹೋಗಿ. ಹೋಗೋ ಮುಂಚೆ ನಿಯಮ 10ರಿಂದ 13ರವರೆಗೆ ಓದಿಕೊಳ್ಳಿ, ಅರ್ಧ ಗಂಟೆ ಸಾಕು. ಯಾರಾದರೂ ‘ಬರೀ ಮೋಜಿಗೆ’ ಅಂದರೆ ನಗುನಗುತ್ತಲೇ ಕೇಳಿ: ‘ಹಾಗಾದರೆ ಸುತ್ತು ಹೊಡೆಯೋಕೆ ಏನು ಕಷ್ಟ, ಸಾರ್?’

ಹಾಂ, ನಮ್ಮ ಕನ್ನಡ ಕೂಟಗಳ ಕ್ರಿಕೆಟ್ ಪಂದ್ಯಾವಳಿ ನಡೆಸೋರೂ ಇದನ್ನ ಓದಿದರೆ ಬೇಜಾರಿಲ್ಲ. ಬ್ಯಾಟ್ ತಂದವನದೇ ಆಟ ಅನ್ನೋದನ್ನ ನಾವು ಗಲ್ಲಿಯಲ್ಲೇ ಬಿಟ್ಟು ಬರಬೇಕಿತ್ತು.