ಚಾಪ್‌ಮನ್ ಹಾದಿ ತಿಪಟೂರಿಗೆ ಏಕೆ ಬರಲಿಲ್ಲ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಶಾಲೆಯ ಮೈದಾನವೆಂದರೆ ಖೋ ಖೋ ಕಂಬ, ಕಬಡ್ಡಿ ಅಂಕಣ, ವಾಲಿಬಾಲ್ ಬಲೆ. ಫುಟ್‌ಬಾಲ್ ಚೆಂಡು ಇಲ್ಲವೇ ಇಲ್ಲವೆಂದಲ್ಲ. ಓಡಿಬರುವ ಚೆಂಡನ್ನು ಹೇಗೆ ತಡೆದು ನಿಲ್ಲಿಸಬೇಕು, ಯಾವ ಕ್ಷಣದಲ್ಲಿ ಯಾರಿಗೆ ದಾಟಿಸಬೇಕು ಎಂದು ಹೇಳಿಕೊಡಬಲ್ಲವರು ಮಾತ್ರ ಅಪರೂಪ. ಇಲ್ಲಿಂದ ಬೆಂಗಳೂರು ಸುಮಾರು 140 ಕಿಲೋಮೀಟರ್. ಒಲಿಂಪಿಕ್ ಫುಟ್‌ಬಾಲಿಗರನ್ನು ಕೊಟ್ಟ ನಗರವದು. ಆದರೂ ಆ ಆಟ ತುಮಕೂರು ದಾಟಿ ಗಟ್ಟಿಯಾಗಿ ಬೇರೂರಲಿಲ್ಲ. ಇದಕ್ಕೆ ಕಾರಣ ಹುಡುಕುವವರು ಕಾರ್ಲ್ಟನ್ ಚಾಪ್‌ಮನ್ ಅವರ ಎರಡನೆಯ ಬದುಕನ್ನು, ಅಂದರೆ ಬೂಟು ಕಳಚಿದ ನಂತರದ ಬದುಕನ್ನು, ಗಮನಿಸುವುದು ಒಳಿತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತಾದ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರೆನಿಸಿದರು. ಮೈಸೂರು ರಾಜ್ಯ ತಂಡ 1946ರಿಂದ 1969ರ ನಡುವೆ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಚಾಪ್‌ಮನ್ ಹುಟ್ಟಿದ್ದು ಆ ಪರಂಪರೆ ಕುಂದತೊಡಗಿದ ಕಾಲದಲ್ಲಿ, 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ.

ಆಟಗಾರರಾಗಿ ಅವರ ಏರಿಕೆ ನೇರವಾಗಿತ್ತು. ಜೆಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಮಣಿಸಿದಾಗ ಹ್ಯಾಟ್ರಿಕ್ ಬಾರಿಸಿದವರು ಈ ಮಿಡ್‌ಫೀಲ್ಡರ್. ಐ.ಎಂ. ವಿಜಯನ್, ಭೈಚುಂಗ್ ಭುಟಿಯಾ ಅವರೊಡಗೂಡಿ ಪಂಜಾಬಿನ ಜೆಸಿಟಿಗೆ 1996-97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದುಕೊಟ್ಟರು. ಭಾರತ ತಂಡದ ನಾಯಕರೂ ಆದರು. 2000-01ರಲ್ಲಿ ಈಸ್ಟ್ ಬೆಂಗಾಲ್ ಲೀಗ್ ಪ್ರಶಸ್ತಿ ಗೆದ್ದದ್ದು ಅವರ ನಾಯಕತ್ವದಲ್ಲೇ. ಗಮನಿಸಬೇಕಾದ ಸಂಗತಿಯೆಂದರೆ, ಈ ಯಾವ ಅಧ್ಯಾಯವೂ ಕರ್ನಾಟಕದಲ್ಲಿ ನಡೆಯಲಿಲ್ಲ.

ನಿವೃತ್ತಿಯ ನಂತರ ತಾವು ಕಲಿತ ಟಾಟಾ ಅಕಾಡೆಮಿಗೇ ತರಬೇತುದಾರರಾಗಿ ಮರಳಿದರು. ಬಳಿಕ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತಾದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ಕಡೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿಯಲ್ಲಿ ತಾಂತ್ರಿಕ ನಿರ್ದೇಶಕ ಹುದ್ದೆ. ದೇಶದ ಉದ್ದಗಲಕ್ಕೂ ತಿರುಗಿದರೇ ಹೊರತು ಉನ್ನತ ದರ್ಜೆಯ ರಾಷ್ಟ್ರೀಯ ಲೀಗ್‌ನ ತಂಡವೊಂದರ ಮುಖ್ಯ ತರಬೇತುದಾರರ ಕುರ್ಚಿ ಅವರಿಗೆ ದಕ್ಕಲೇ ಇಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರಿಗೆ 49 ವರ್ಷ. ಅಂದು ಬಂದ ಶ್ರದ್ಧಾಂಜಲಿಗಳು ಹೆಚ್ಚಾಗಿ ಆಟಗಾರ ಚಾಪ್‌ಮನ್‌ಗೆ ಸಂದವು. ತರಬೇತುದಾರನ ಪಾಲಿಗೆ ಬಂದದ್ದು ಒಂದೆರಡು ಸಾಲು.

ಇದನ್ನು ಬರೀ ವೈಯಕ್ತಿಕ ದುರದೃಷ್ಟವೆಂದು ತಳ್ಳಿಹಾಕುವ ಮುನ್ನ ಅವರ ಓರಗೆಯ ಅಮೆರಿಕನ್ ಆಟಗಾರನೊಬ್ಬನ ಹಾದಿಯನ್ನು ನೋಡಬಹುದು. 1973ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿದ ಜೆಸ್ಸಿ ಮಾರ್ಶ್ ತಮ್ಮ ದೇಶದ ಪರ ಆಡಿದ್ದು ಕೇವಲ 2 ಪಂದ್ಯ. ಆದರೆ ಆಟ ಮುಗಿದ ಕೂಡಲೇ ರಾಷ್ಟ್ರೀಯ ತಂಡದಲ್ಲಿ ಬಾಬ್ ಬ್ರಾಡ್ಲಿ ಅವರ ಸಹಾಯಕರಾಗಿ 2010ರ ವಿಶ್ವಕಪ್ ಕಂಡರು. 2012ರಲ್ಲಿ ಮಾಂಟ್ರಿಯಲ್, 2015ರಿಂದ ನ್ಯೂಯಾರ್ಕ್ ರೆಡ್ ಬುಲ್ಸ್, ಆಮೇಲೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಜರ್ಮನಿಯ ಲೈಪ್‌ಜಿಗ್, ಇಂಗ್ಲೆಂಡಿನ ಲೀಡ್ಸ್. 2024ರಲ್ಲಿ ಕೆನಡಾ ತಂಡದ ಹೊಣೆ ಹೊತ್ತು ಅದೇ ವರ್ಷ ಕೋಪಾ ಅಮೆರಿಕಾದ ಉಪಾಂತ್ಯಕ್ಕೆ ಕೊಂಡೊಯ್ದರು. ಎರಡು ಪಂದ್ಯದ ಆಟಗಾರನಿಗೆ ಸಿಕ್ಕ ಏಣಿ ದೇಶದ ನಾಯಕನಾಗಿದ್ದವನಿಗೆ ಸಿಗಲಿಲ್ಲ. ಪ್ರತಿಭೆಯ ಅಂತರವೊಂದೇ ಇದನ್ನು ವಿವರಿಸಲಾರದು. ಮಾರ್ಶ್ ಅವರಿಗೆ ಸಹಾಯಕ ಹುದ್ದೆಯಿಂದ ಮೇಲಕ್ಕೆ ಒಂದರ ಮೇಲೊಂದು ಮೆಟ್ಟಿಲುಗಳಿದ್ದವು. ಚಾಪ್‌ಮನ್ ಅವರಿಗೆ ಇದ್ದದ್ದು ಊರಿಂದೂರಿಗೆ ಅಲೆದಾಟ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಎಂಟೂ ತಂಡಗಳ ಮುಖ್ಯ ತರಬೇತುದಾರರು ವಿದೇಶಿಯರು. ಹಣ ಸುರಿಯುವ ಮಾಲೀಕರು ಹೆಸರು ಕೊಂಡರು, ಸ್ಥಳೀಯರು ಸಹಾಯಕರಾಗಿ ಉಳಿದರು. 2017ರಲ್ಲಿ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟ ಖಾಲಿದ್ ಜಮೀಲ್ ಅಂಥವರೂ ಐಎಸ್‌ಎಲ್ ತಂಡವೊಂದಕ್ಕೆ ಪೂರ್ಣಾವಧಿ ಮುಖ್ಯ ತರಬೇತುದಾರರಾಗಲು 2021ರವರೆಗೆ ಕಾಯಬೇಕಾಯಿತು. ಅದಕ್ಕೂ ಮುನ್ನ ಆ ಗೌರವ ಯಾವ ಭಾರತೀಯನಿಗೂ ಸಂದಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಅವರು ರಾಷ್ಟ್ರೀಯ ತಂಡದ ತರಬೇತುದಾರರಾದಾಗ, 2011-12ರ ಸಾವಿಯೊ ಮೆಡೀರಾ ನಂತರ ಮೊದಲ ಬಾರಿಗೆ ಆ ಸ್ಥಾನ ಭಾರತೀಯರೊಬ್ಬರಿಗೆ ಮರಳಿತು. ಬಂದ ಎರಡೇ ತಿಂಗಳಲ್ಲಿ ಸಿಂಗಪುರ ವಿರುದ್ಧ ಸೋತು 2027ರ ಏಷ್ಯನ್ ಕಪ್ ಅವಕಾಶ ಕೈತಪ್ಪಿದ್ದೂ ನಿಜ. ಆದರೆ ಆ ಸೋಲನ್ನು ಹಿಡಿದು 'ನಮ್ಮವರಿಂದಾಗದು' ಎನ್ನುವವರು ಅದಕ್ಕೆ ಮುಂಚಿನ ವಿದೇಶಿ ತರಬೇತುದಾರರ ಕಾಲದ ಫಲಿತಾಂಶಗಳನ್ನೂ ಒಮ್ಮೆ ತಿರುವಿ ಹಾಕಬೇಕಾಗುತ್ತದೆ.

ಕರ್ನಾಟಕದ ಮಟ್ಟಿಗೆ ಉತ್ತರ ಕಣ್ಣೆದುರೇ ಇದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಎತ್ತಿತು. ಆ ತಂಡವನ್ನು ಕಟ್ಟಿದ್ದು ರವಿ ಬಾಬು ರಾಜು ಎಂಬ ಸ್ಥಳೀಯ ತರಬೇತುದಾರ. ಆ ಗೆಲುವಿನ ಸಂಭ್ರಮ ಜಿಲ್ಲೆಗಳತ್ತ ಹರಿದಿದ್ದರೆ ಮಾತು ಬೇರೆ. ಫುಟ್‌ಬಾಲ್ ಈಗಲೂ ಬಹುಮಟ್ಟಿಗೆ ರಾಜಧಾನಿಯ ಕ್ಲಬ್‌ಗಳ ಆಟವಾಗಿಯೇ ಇದೆ.

ತರಬೇತಿ ಪರವಾನಗಿಯ ಮೆಟ್ಟಿಲು ಡಿ, ಸಿ, ಬಿ, ಎ, ಪ್ರೊ ಎಂದು ಏರುತ್ತದೆ. ತಿಪಟೂರಿಗೆ ಬೇಕಿರುವುದು ಪ್ರೊ ಅಲ್ಲ, ತೀರಾ ಕೆಳಗಿನ ಮೆಟ್ಟಿಲು. ದೈಹಿಕ ಶಿಕ್ಷಣ ಶಿಕ್ಷಕರಿಗೆ ಡಿ ದರ್ಜೆಯ ಶಿಬಿರವನ್ನು ತಾಲ್ಲೂಕು ಕೇಂದ್ರದಲ್ಲೇ ನಡೆಸಿ, ನಿವೃತ್ತ ಆಟಗಾರರಿಗೆ ಅಲ್ಲಿ ಬೋಧಿಸಲು ಗೌರವಧನ ಕೊಟ್ಟರೆ ಎರಡು ಸಮಸ್ಯೆ ಒಟ್ಟಿಗೆ ಸಡಿಲವಾಗುತ್ತವೆ: ಮಾಜಿ ಆಟಗಾರನಿಗೆ ಬದುಕು, ಹಳ್ಳಿಯ ಹುಡುಗನಿಗೆ ಗುರು. ಕ್ರೀಡಾಂಗಣದ ಕಾಂಕ್ರೀಟಿಗೆ ಹೋಲಿಸಿದರೆ ಇದಕ್ಕೆ ತಗಲುವ ವೆಚ್ಚ ಅಲ್ಪ. ಶಂಕುಸ್ಥಾಪನೆಗೆ ಕಲ್ಲು ಇರುವುದಿಲ್ಲ ಎಂಬುದಷ್ಟೇ ಇದರ ಕೊರತೆ!

ಫಲಕ್ಕೆ ಕಾಯಬೇಕಾಗುತ್ತದೆ, ನಿಜ. ಈ ಸೀಮೆಯ ರೈತರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ವರ್ಷವಿಡೀ ಕಾಯುವವರು ಅವರು. ಮೂರು ಪಂದ್ಯ ಸೋತರೆ ತರಬೇತುದಾರನನ್ನು ಮನೆಗೆ ಕಳಿಸುವ ಕ್ಲಬ್‌ಗಳ ಲೆಕ್ಕ ಅವರಿಗೆ ವಿಚಿತ್ರವಾಗಿ ಕಂಡೀತು. ಸದ್ಯಕ್ಕೆ ಇಲ್ಲಿ ಚೆಂಡು ಒದೆಯುವ ಆಸೆಯುಳ್ಳ ಹುಡುಗನಿಗೆ ಇರುವ ದಾರಿ ಬೆಂಗಳೂರಿನ ರೈಲು ಹತ್ತುವುದು. ಅದೂ ಮನೆಯವರು ಒಪ್ಪಿದರೆ.