ಹಳೇ ರಸ್ತೆಯ ತಿಂಡಿ ಲೆಕ್ಕ

ಸಟನ್‌ನಲ್ಲಿ ಟೇಮ್ಸ್‌ಲಿಂಕ್ ರೈಲು ಹತ್ತಿದರೆ ಟೂಟಿಂಗ್‌ಗೆ ಹೋಗಿ ದೋಸೆ ತಿಂದು ಬರಬಹುದು. ತಮಿಳರ, ಮಲಯಾಳಿಗಳ ಹೋಟೆಲ್‌ಗಳಿಗೆ ಅಲ್ಲಿ ಬರವಿಲ್ಲ. ಆದರೆ ಬಿಡದಿಯ ತಟ್ಟೆ ಇಡ್ಲಿ, ಬಿಸಿ ಮದ್ದೂರು ವಡೆ ಬೇಕು ಅಂದ್ರೆ ಊರಿಗೇ ಹೋಗಬೇಕು. ರಜೆಗೆ ಹೋದವರೂ ಈಗ ಅವನ್ನು ತಿನ್ನದೇ ವಾಪಸ್ ಬರ್ತಿದ್ದಾರೆ ಅನ್ನೋದೇ ಈ ತಿಂಗಳ ನನ್ನ ತಕರಾರು.

ಕಾರಣ ಗೊತ್ತಿರೋದೇ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಮೂರು ಗಂಟೆಯ ದಾರಿ ಈಗ ಒಂದೂವರೆ ಗಂಟೆ. ಒಳ್ಳೇದೇ. ಆದರೆ ರಸ್ತೆ ಊರುಗಳನ್ನು ಬಳಸಿಕೊಂಡು ಹೋಗುತ್ತೆ, ಕಿಟಕಿಯಲ್ಲಿ ಬಿಡದಿಯೂ ಕಾಣಲ್ಲ, ಮದ್ದೂರೂ ಕಾಣಲ್ಲ.

ಹೋದ ರಜೆಯಲ್ಲಿ ನಾನು, ನನ್ನ ಬಿಕಾಂ ಗೆಳೆಯರು ಮೂವರು, ಬೇಕಂತಲೇ ಹಳೇ ರಸ್ತೆ ಹಿಡಿದೆವು. ತಲಾ 500 ರೂಪಾಯಿ ಹಾಕಿ, ಒಟ್ಟು 2,000 ನನ್ನ ಜೇಬಿಗೆ. ನಿಯಮ ಎರಡೇ: ಒಂದು ಪ್ಲೇಟ್ ಇಬ್ಬರಿಗೆ, ಕಾಫಿ ಬೈ ಟು. ಇಲ್ಲದಿದ್ರೆ ರಾಮನಗರಕ್ಕೇ ಹೊಟ್ಟೆ ಭರ್ತಿ.

ಬಿಡದಿಯಲ್ಲಿ ತಟ್ಟೆ ಇಡ್ಲಿ. ತಟ್ಟೆಯಷ್ಟೇ ಅಗಲ, ಮೇಲೆ ಕರಗುತ್ತಿರೋ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ರಾಮನಗರ ದಾಟಿದ ಮೇಲೆ ಜಾನಪದ ಲೋಕದ ಹತ್ತಿರ ಕಾಲು ಚಾಚಿ, ಒಂದು ಕಾಫಿ. ಆಮೇಲೆ ಮದ್ದೂರು.

ವಡೆಯ ಕತೆ ಆ ಕಡೆಯವರಿಗೆಲ್ಲ ಗೊತ್ತು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಹೋಟೆಲ್ ಇಟ್ಟಿದ್ದ ರಾಮಚಂದ್ರ ಬುಧ್ಯ ಅವರು, ರೈಲು ಬಂದುಬಿಡ್ತು ಅಂತ ಪಕೋಡದ ಹಿಟ್ಟನ್ನೇ ಅವಸರದಲ್ಲಿ ತಟ್ಟಿ ಕರಿದರಂತೆ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಈರುಳ್ಳಿ, ಕರಿಬೇವು. ಕಾದ ಎಣ್ಣೆ ಹಾಕಿ ಕಲಸಿ, ತೆಳ್ಳಗೆ ತಟ್ಟಿ ಕರಿದರೆ ಆಯ್ತು. ನಿಲ್ಲೋ ರೈಲಿಗಾಗಿ ಹುಟ್ಟಿದ ತಿಂಡಿ ಆಮೇಲೆ ನಿಲ್ಲೋ ಕಾರು, ಬಸ್ಸುಗಳನ್ನು ನಂಬಿ ಬೆಳೆಯಿತು. ಈಗ ನಿಲ್ಲೋರೇ ಕಡಿಮೆ.

ದಾರಿಯಲ್ಲಿ ಒಂದು ಚಿಕ್ಕ ಹೋಟೆಲ್, ಹೆಸರು ಬೇಡ. ಗಲ್ಲಾದಲ್ಲಿದ್ದ ಯಜಮಾನರು ನಾವು ಎಲ್ಲಿಂದ ಬಂದ್ವಿ ಅಂತ ಕೇಳಿ, ಆಮೇಲೆ ಅಂದ್ರು: “ಮುಂಚೆ ಆರು ಜನ ಕೆಲಸದೋರಿದ್ರು ಸಾರ್. ಈಗ ಇಬ್ರು. ಬಾಡಿಗೆ ಮಾತ್ರ ಇಳಿದಿಲ್ಲ.”

ಲೆಕ್ಕದವನಾಗಿ ಹೇಳ್ತೀನಿ, ಹೋಟೆಲ್ ವ್ಯಾಪಾರದ ಕಷ್ಟ ಇರೋದು ಇಲ್ಲೇ. ಗಿರಾಕಿ ಅರ್ಧಕ್ಕಿಳಿದರೆ ಖರ್ಚು ಅರ್ಧಕ್ಕಿಳಿಯಲ್ಲ. ಬಾಡಿಗೆ ಅಷ್ಟೇ, ಕರೆಂಟಿನ ಬಿಲ್ಲು ಹೆಚ್ಚುಕಡಿಮೆ ಅಷ್ಟೇ. ರಾತ್ರಿ ರುಬ್ಬಿದ ಹಿಟ್ಟು ಮಾರನೇ ದಿನ ಖರ್ಚಾಗದಿದ್ರೆ ಹುಳಿ ಬಂದು ಹೋಗುತ್ತೆ. ಕೊನೆಗೆ ಕಡಿಮೆ ಮಾಡೋಕೆ ಉಳಿಯೋದು ಕೆಲಸದೋರನ್ನೇ. ಕೆಲಸ ಹುಡುಕಿಕೊಂಡು ಊರು ಬಿಟ್ಟ ನಮಗೆ ಆ ನಾಲ್ಕು ಜನ ಏನಾದ್ರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಪ್ರವೇಶವಿಲ್ಲ. ಅವು ಪಕ್ಕದ ಸರ್ವೀಸ್ ರಸ್ತೆ, ಹಳೇ ರಸ್ತೆಗಳಲ್ಲೇ ಓಡಾಡ್ತವೆ. ಸದ್ಯ ಈ ಹೋಟೆಲ್‌ಗಳ ಕೈ ಹಿಡಿದಿರೋರು ಅವರು, ಜೊತೆಗೆ ಊರಿನವರು.

ಕೊನೆಗೆ ಮೈಸೂರು, ನಜರ್‌ಬಾದಿನ ಮೈಲಾರಿ ದೋಸೆ. ಮೆತ್ತಗೆ, ಬಾಯಲ್ಲಿಟ್ಟರೆ ಕರಗುತ್ತೆ. ಅಷ್ಟು ಹೊತ್ತಿಗೆ ನಿಯಮ ಮುರಿದು ತಲಾ ಒಂದೊಂದು ತಿಂದ್ವಿ. ಪೆಟ್ರೋಲ್ ಬಿಟ್ಟು ಖರ್ಚು 1,570, ಉಳಿಕೆ 430. ಉಳಿದಿದ್ದಕ್ಕೆ ಗೆಳೆಯನ ಮನೆಗೆ ಮೈಸೂರು ಪಾಕ್.

ಈ ಸಲ ಊರಿಗೆ ಹೊರಟವರಿಗೆ ನನ್ನ ಸಲಹೆ: ಹೋಗುವಾಗ ಆತುರ ಇದ್ರೆ ಎಕ್ಸ್‌ಪ್ರೆಸ್‌ವೇ ಹಿಡೀರಿ, ಬರುವಾಗ ಹಳೇ ರಸ್ತೆ. ಎಲ್ಲೆಂದರಲ್ಲಿ ಇಳಿಯೋಕೆ ಆಗಲ್ಲ, ಹಾಗಾಗಿ ಡ್ರೈವರ್‌ಗೆ ಹೊರಡೋ ಮೊದಲೇ ಹೇಳಿಡಿ. ಟೋಲ್ ದುಡ್ಡು ಉಳಿಯುತ್ತೆ, ಅದರಲ್ಲೇ ತಿಂಡಿ ಆಗುತ್ತೆ. ದೊಡ್ಡ ಬೋರ್ಡಿನ ಹೋಟೆಲ್ ಒಂದಾದ್ರೆ, ಬೋರ್ಡೇ ಇಲ್ಲದ್ದು ಇನ್ನೊಂದು ಇರಲಿ. ಒಂದು ಗಂಟೆ ತಡ ಆಗುತ್ತೆ, ನಿಜ. ವರ್ಷಕ್ಕೊಂದು ಸಲ ಊರಿಗೆ ಹೋಗೋರು ನಾವು, ಆ ಒಂದು ಗಂಟೆ ನಮ್ಮ ಹತ್ತಿರ ಇಲ್ವಾ?