ಒಳಕುಪ್ಪಸ: ಅಳತೆ ಮುಖ್ಯವೋ, ಬೆಲೆ ಮುಖ್ಯವೋ?



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ವ್ರತ, ದೀಕ್ಷೆ, ಮಕ್ಕಳ ವಿವಾಹ ಇವುಗಳ ಸುತ್ತಲೇ ಇರುತ್ತವೆ. ಈ ಸಲ ಬಂದ ಒಂದು ಪತ್ರ ಬೇರೆ ಬಗೆಯದು. ಬರೆದವರು ಒಬ್ಬ ಗೃಹಿಣಿ. ಹೆಸರು ಬೇಡವೆಂದು ಎರಡು ಕಡೆ ಕೇಳಿಕೊಂಡಿದ್ದಾರೆ. ಕಾಲೇಜಿಗೆ ಹೋಗುವ ಅವರ ಮಗಳು ಒಳಗೆ ತೊಡುವ ಬ್ರಾ ಒಂದಕ್ಕೆ 900 ರೂಪಾಯಿ ಕೇಳುತ್ತಾಳಂತೆ. ತಾವಾದರೋ ಮದುವೆಯಾದಂದಿನಿಂದ ಸಂತೆಯಲ್ಲಿ ಸಿಗುವ ಅಗ್ಗದ್ದನ್ನೇ ತಂದು ತೊಟ್ಟವರು. ಹೊರಗೆ ಯಾರಿಗೂ ಕಾಣದ ಬಟ್ಟೆಗೆ ಇಷ್ಟು ಹಣ ಸುರಿಯುವುದು ದುಂದಲ್ಲವೇ, ಶರಣಧರ್ಮಕ್ಕೆ ಇದು ಒಪ್ಪುವುದೇ ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ ಮಾತಿಗೆ ಮಾತು ಬಂದಂತೆ ಇನ್ನೂ ಒಂದು ಸಂಗತಿಯನ್ನು ಸೇರಿಸಿದ್ದಾರೆ: ಸಂಜೆಯ ಹೊತ್ತಿಗೆ ಅವರ ಹೆಗಲು ಕಡಿದುಹೋದಂತೆ ನೋಯುತ್ತದೆ, ಬೇಸಿಗೆಯಲ್ಲಿ ಎದೆಯ ಕೆಳಗಿನ ಚರ್ಮ ಕೆಂಪಾಗಿ ಉರಿಯುತ್ತದೆ, ಇದೆಲ್ಲ ವಯಸ್ಸಿನ ದೋಷವಿರಬೇಕೆಂದು ಸುಮ್ಮನಿದ್ದಾರೆ. ಮಗಳ ಖರ್ಚಿನ ಪ್ರಶ್ನೆಗಿಂತ ತಾಯಿಯ ಈ ಮಾತೇ ನನಗೆ ಹೆಚ್ಚು ಗಂಭೀರವಾಗಿ ಕಂಡಿತು.

ಮಠದಲ್ಲಿ ಓದಿ ಬೆಳೆದ ನನ್ನಂಥವನಿಗೆ ಈ ವಿಷಯದಲ್ಲಿ ಸ್ವಾನುಭವ ಇರಲಾರದಷ್ಟೆ. ಆದುದರಿಂದ ಅನುಭವಿ ವೈದ್ಯೆಯೊಬ್ಬರನ್ನೂ ಬಹುಕಾಲದಿಂದ ಕುಪ್ಪಸ ಹೊಲಿಯುತ್ತ ಬಂದ ಹಿರಿಯ ತಾಯಿಯೊಬ್ಬರನ್ನೂ ಕೇಳಿ ತಿಳಿದು ಇದನ್ನು ಬರೆಯುತ್ತಿದ್ದೇನೆ. ಧಾರ್ಮಿಕ ಮಾಸಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಮೂಗು ಮುರಿಯುವವರೂ ಇರಬಹುದು. ಅವರು ಜೇಡರ ದಾಸಿಮಯ್ಯನನ್ನು ನೆನೆಯಬೇಕು. ಆತ ನೇಯ್ಗೆಯ ಕಾಯಕದ ಶರಣ. ಒಳಗೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದು ಹೇಳಹೊರಟಾಗ ಹೆಣ್ಣಿನ ಎದೆಯ ಹೆಸರನ್ನು ಹೇಳಲು ಆತ ನಾಚಲಿಲ್ಲ. ದೇಹವನ್ನು ದೇಗುಲವೆಂದು ಬಗೆದ ಪರಂಪರೆಯವರು, ಆ ದೇಗುಲದ ಒಂದು ಭಾಗ ನೋಯುತ್ತಿದೆ ಎಂದರೆ ಕಿವಿ ಮುಚ್ಚಿಕೊಳ್ಳುವುದು ಹೇಗೆ?

ನಮ್ಮ ಹಿರಿಯರಿಗೆ ಈ ಸಂಕೋಚ ಇಷ್ಟಿರಲಿಲ್ಲವೆಂಬುದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಸುರಿಗೆ ಮಾಡುವ ಸಂಭ್ರಮವನ್ನು ಇಂದಿಗೂ ‘ಕುಬಸ’ ಎಂದೇ ಕರೆಯುತ್ತೇವೆ. ಕುಬಸವೆಂದರೆ ಕುಪ್ಪಸವೇ. ತವರಿನವರು ಹಸಿರು ಸೀರೆ, ಹಸಿರು ಬಳೆಗಳೊಡನೆ ಕುಪ್ಪಸವನ್ನೂ ತಂದು ಮಗಳ ಉಡಿ ತುಂಬುತ್ತಾರೆ. ಇದನ್ನು ಬರಿಯ ಶಾಸ್ತ್ರವೆಂದು ನಾನು ತಿಳಿಯಲಾರೆ. ಬಸುರಿಯ ಮೈ ತುಂಬಿಕೊಳ್ಳುತ್ತದೆ, ಹಳೆಯ ಕುಪ್ಪಸ ಬಿಗಿಯುತ್ತದೆ, ಮಗಳು ಬಾಯಿಬಿಟ್ಟು ಕೇಳುವ ಮೊದಲೇ ಹೊಸದು ಬೇಕೆಂದು ಅರಿತ ತಾಯಿಯೇ ಈ ಸಂಭ್ರಮಕ್ಕೆ ಆ ಹೆಸರು ಕೊಟ್ಟಿರಬೇಕೆಂದು ನನ್ನ ಊಹೆ. ನೂರಾರು ಜನರೆದುರು ಆ ಬಟ್ಟೆಯ ಹೆಸರಿನಲ್ಲೇ ಹಬ್ಬ ಮಾಡುವ ನಾವು, ಅಂಗಡಿಯಲ್ಲಿ ಅದನ್ನು ಕೇಳುವಾಗ ದನಿ ತಗ್ಗಿಸುತ್ತೇವೆ!

ಗುಳೇದಗುಡ್ಡದ ಖಣದಲ್ಲಿ ಹೊಲಿದ ಹಳೆಯ ಕುಪ್ಪಸವನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅದರ ಮುಂಭಾಗದ ಎರಡು ತುದಿಗಳನ್ನು ಎದೆಯ ಕೆಳಗೆ ಎಳೆದು ಗಂಟು ಹಾಕುತ್ತಿದ್ದರು. ಭಾರವನ್ನು ಹೊರುತ್ತಿದ್ದುದು ಆ ಗಂಟು, ಹೆಗಲಲ್ಲ. ಮೈ ಇಳಿದರೆ ಗಂಟು ಬಿಗಿ, ಮೈ ಬಂದರೆ ಸಡಿಲ. ಹೊಲಿಯುವ ತಾಯಿ ಎದುರಿಗೇ ನಿಂತು ಅವರವರ ಅಳತೆ ತೆಗೆದುಕೊಳ್ಳುತ್ತಿದ್ದಳು. ಇಂದಿನ ಬ್ರಾ ಎಂಬುದು ಬಂದದ್ದು ಪಶ್ಚಿಮದಿಂದ. ಮೇರಿ ಫೆಲ್ಪ್ಸ್ ಜೇಕಬ್ ಎಂಬ ಅಮೆರಿಕದ ಮಹಿಳೆ ಬಿಗಿಯಾದ ಕಾರ್ಸೆಟ್ಟಿಗೆ ಬದಲಾಗಿ ತಾನು ರೂಪಿಸಿದ ಹಗುರವಾದ ಉಡುಪಿಗೆ 1914ರ ನವೆಂಬರಿನಲ್ಲಿ ಪೇಟೆಂಟ್ ಪಡೆದಳು; ಮುಂದೆ ಅದನ್ನು ಒಂದು ಕಾರ್ಸೆಟ್ ಕಂಪನಿಗೆ 1500 ಡಾಲರಿಗೆ ಮಾರಿಬಿಟ್ಟಳು. ಎ, ಬಿ, ಸಿ, ಡಿ ಎಂದು ಕಪ್ಪಿನ ಅಳತೆಯನ್ನು ಅಕ್ಷರಗಳಿಂದ ಗುರುತಿಸುವ ಪದ್ಧತಿ ಅಲ್ಲಿಯೇ 1930ರ ದಶಕದಲ್ಲಿ ಬಂತು. ಹೊಲಿಗೆಯ ತಾಯಿಯ ಕೈಯಿಂದ ಕಾರ್ಖಾನೆಯ ಡಬ್ಬಿಗೆ ಬಂದಾಗ ಉಡುಪು ಸುಲಭವಾಗಿ ಸಿಗುವಂತಾಯಿತು ನಿಜ. ಆದರೆ ಅಳೆಯುವ ಕೈ ಮಾಯವಾಯಿತು. ಈಗಿನ ತೊಂದರೆಯ ಬೇರು ಇಲ್ಲಿದೆ.

ಅಂಗಡಿಯಲ್ಲಿ ನಡೆಯುವುದೇನು? ಗಲ್ಲೆಯ ಬಳಿ ಗಂಡಸರು ನಿಂತಿರುತ್ತಾರೆ. ಹೆಂಗಸು ಒಂದು ಸಂಖ್ಯೆಯನ್ನು ಹೇಳಿ, ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಾಳೆ. ಆ ಸಂಖ್ಯೆಯಾದರೂ ಎಂದಿನದು? ಮದುವೆಗೆ ಮುಂಚಿನದು. ಎರಡು ಹೆರಿಗೆಯಾಗಿ, ಮೈ ಬಂದು, ಮುಟ್ಟು ನಿಲ್ಲುವ ಕಾಲ ಬಂದರೂ ಸಂಖ್ಯೆ ಮಾತ್ರ ಬದಲಾಗಿರುವುದಿಲ್ಲ. ಬದಲಾಯಿಸಿದರೂ 34 ಬಿಗಿಯೆಂದು 36, 36 ಬಿಗಿಯೆಂದು 38 ಎಂದು ಸಂಖ್ಯೆಯನ್ನಷ್ಟೇ ಏರಿಸುತ್ತ ಹೋಗುತ್ತಾರೆ. ಸಂಖ್ಯೆ ಹೇಳುವುದು ಎದೆಯ ಕೆಳಗೆ ಮೈ ಸುತ್ತ ಬರುವ ಪಟ್ಟಿಯ ಅಳತೆಯನ್ನು. ಅಕ್ಷರ ಹೇಳುವುದು ಕಪ್ಪಿನ ಅಳತೆಯನ್ನು. ಕಪ್ಪು ಸಾಲದಾದಾಗ ಪಟ್ಟಿಯನ್ನು ದೊಡ್ಡದು ಮಾಡಿದರೆ ಆಗುವುದಿಷ್ಟೇ: ಪಟ್ಟಿ ಸಡಿಲವಾಗಿ ಬೆನ್ನಿನ ಮೇಲೆ ಏರುತ್ತದೆ, ಭಾರವೆಲ್ಲ ಹೆಗಲಿನ ಎರಡು ಪಟ್ಟಿಗಳ ಮೇಲೆ ಬೀಳುತ್ತದೆ, ಹೆಗಲಿನಲ್ಲಿ ಗೆರೆ ಮೂಡುತ್ತದೆ, ಕುತ್ತಿಗೆ ನೋಯುತ್ತದೆ. ಪತ್ರ ಬರೆದ ತಾಯಿಯ ನೋವಿಗೆ ವಯಸ್ಸಿಗಿಂತ ಇದೇ ಕಾರಣವಾಗಿರುವ ಸಂಭವ ಹೆಚ್ಚೆಂದು ಆ ವೈದ್ಯೆ ಹೇಳಿದರು. ಆಧಾರದ ಬಹುಭಾಗ ಕೆಳಗಿನ ಪಟ್ಟಿಯಿಂದ ಬರಬೇಕು. ನಮ್ಮ ಅಜ್ಜಿಯರ ಗಂಟು ಮಾಡುತ್ತಿದ್ದ ಕೆಲಸವೂ ಅದೇ.

ಅಳತೆ ತೆಗೆಯುವುದು ಕಷ್ಟದ್ದಲ್ಲ. ಹೊಲಿಗೆಯ ಟೇಪು ಸಾಕು. ಮೊದಲು ಎದೆಯ ಕೆಳಗೆ ಮೈಗೆ ಅಂಟುವಂತೆ ಟೇಪನ್ನು ಸುತ್ತಬೇಕು. ಆಮೇಲೆ ಎದೆಯ ಅತಿ ತುಂಬಿದ ಭಾಗದಲ್ಲಿ ಬಿಗಿಯದೆ ಸುತ್ತಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಕೆಳಗಿನ ಅಳತೆಗೆ 4 ಅಥವಾ 5 ಇಂಚು ಸೇರಿಸಿ ಸಮಸಂಖ್ಯೆ ಮಾಡಿಕೊಳ್ಳುತ್ತಾರೆ. ಕೆಳಗಿನದು 29 ಇಂಚು ಇದ್ದರೆ 5 ಸೇರಿ 34. ಮೇಲಿನ ಅಳತೆ 36 ಇದ್ದರೆ ವ್ಯತ್ಯಾಸ 2 ಇಂಚು. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಆಗ ಇವರದು 34 ಬಿ. ಕೆಲವು ಕಂಪನಿಗಳು, ಅದರಲ್ಲೂ ಹೊರದೇಶದವು, ಈ 4-5 ಇಂಚನ್ನು ಸೇರಿಸುವುದಿಲ್ಲ. ಆದುದರಿಂದ ಡಬ್ಬಿಯ ಮೇಲೆ ಅಚ್ಚಾಗಿರುವ ಅಳತೆಯ ಕೋಷ್ಟಕವನ್ನು ಓದದೆ ಕೊಳ್ಳಬಾರದು. ಇನ್ನೊಂದು ಉಪಾಯವನ್ನು ಹೊಲಿಗೆಯ ತಾಯಿ ತಿಳಿಸಿದರು. ಪಟ್ಟಿಯ ಸಂಖ್ಯೆ ಒಂದು ಹೆಜ್ಜೆ ಇಳಿದು ಅಕ್ಷರ ಒಂದು ಹೆಜ್ಜೆ ಏರಿದರೆ ಕಪ್ಪು ಹಿಡಿಯುವಷ್ಟು ಅಷ್ಟೇ ಇರುತ್ತದೆ. 36 ಬಿ ಬೆನ್ನಿನಲ್ಲಿ ಸಡಿಲವಾದವರು 34 ಸಿ ಕೇಳಿ ನೋಡಬೇಕು.

ಟೇಪು ಹೇಳಿದ ಮೇಲೂ ಮೈಯ ಮಾತನ್ನು ಕೇಳಬೇಕು. ತೊಟ್ಟು ಎರಡೂ ಕೈಗಳನ್ನು ಮೇಲೆತ್ತಿದಾಗ ಕೆಳಪಟ್ಟಿ ಜಾರಿ ಏರಿದರೆ ಅದು ಸಡಿಲ. ಪಟ್ಟಿಯೊಳಗೆ ಎರಡು ಬೆರಳು ಆಡಬೇಕು. ಇಡೀ ಕೈ ಹೋಗಬಾರದು. ಕಪ್ಪಿನ ಅಂಚಿನಿಂದ ಮೈ ಉಕ್ಕಿದರೆ ಕಪ್ಪು ಸಣ್ಣದು. ಬಟ್ಟೆ ಸುಕ್ಕುಗಟ್ಟಿದರೆ ದೊಡ್ಡದು. ಹೊಸದನ್ನು ಎಲ್ಲಕ್ಕಿಂತ ಸಡಿಲವಾದ ಕೊಂಡಿಗೆ ಹಾಕಿದಾಗಲೇ ಸರಿಯಾಗಿ ಕೂರಬೇಕು. ದಿನ ಕಳೆದಂತೆ ಎಲಾಸ್ಟಿಕ್ ಸಡಿಲವಾಗುತ್ತದೆ, ಆಗ ಒಳಗಿನ ಕೊಂಡಿಗಳು ಕೆಲಸಕ್ಕೆ ಬರುತ್ತವೆ. ಮೊದಲ ದಿನವೇ ಕೊನೆಯ ಕೊಂಡಿಗೆ ಹಾಕುವಂತಿದ್ದರೆ ಅದನ್ನು ಕೊಳ್ಳಬಾರದು.

ಇನ್ನು ಬೆಲೆ. ಇಲ್ಲಿ ಮಗಳ ಪರವಾಗಿಯೂ ತಾಯಿಯ ಪರವಾಗಿಯೂ ತೀರ್ಪು ಕೊಡಲಾರೆ. 900 ರೂಪಾಯಿಯದು 34 ಬಿ ಮೈಗೆ 36 ಎ ಆಗಿ ಬಂದರೆ, ಅಳತೆಗೆ ಸರಿಯಾದ 250ರದ್ದೇ ಅದಕ್ಕಿಂತ ಲೇಸು. ಬೆಲೆ ಏರುವುದು ಯಾವುದಕ್ಕೆ ಎಂಬುದನ್ನು ನೋಡಬೇಕು. ಜಾಳಿಗೆಯ ಕಸೂತಿ, ದಪ್ಪ ಪ್ಯಾಡು, ಚೆಂದದ ಡಬ್ಬಿ, ಜಾಹೀರಾತು — ಇವುಗಳಿಂದ ಮೈಗೆ ಆಧಾರವೇನೂ ಒದಗುವುದಿಲ್ಲ. ಒಳಗಿನ ತಂತಿಯೂ ಎಲ್ಲರಿಗೂ ಅಗತ್ಯವಲ್ಲ. ಹಣ ಕೊಡಬೇಕಾದ್ದು ಒಳ್ಳೆಯ ಹತ್ತಿಗೆ, ಹಿಗ್ಗಿ ಮತ್ತೆ ಕುಗ್ಗುವ ಗಟ್ಟಿ ಎಲಾಸ್ಟಿಕ್ಕಿಗೆ, ಅಗಲವಾದ ಪಟ್ಟಿಗೆ, ನುಣುಪಾದ ಹೊಲಿಗೆಗೆ. ಎದೆ ಭಾರವಿರುವವರಿಗೆ ಅಗಲವಾದ ಹೆಗಲಪಟ್ಟಿ, ಬೆನ್ನಿನಲ್ಲಿ ಎರಡಲ್ಲ ಮೂರು ಸಾಲು ಕೊಂಡಿ ಬೇಕು. ಇದಕ್ಕೆ ಸ್ವಲ್ಪ ಹೆಚ್ಚು ಬೆಲೆ ಬೀಳುವುದು ನ್ಯಾಯವೇ. ತೀರ ಅಗ್ಗದ್ದರಲ್ಲಿ ಮೊದಲು ಸೋಲುವುದು ಎಲಾಸ್ಟಿಕ್. 120 ರೂಪಾಯಿಯದು ಮೂರು ತಿಂಗಳಿಗೆ ಜೋಲಿದರೆ ವರ್ಷಕ್ಕೆ 480 ಆಯಿತು. 400ರದ್ದು ವರ್ಷವಿಡೀ ಬಾಳಿದರೆ ಅಗ್ಗ ಯಾವುದು?

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಕ್ಕೆ ಕಳಿಸಿದ ತಾಯಿ ಆಕೆ. ಈ ಕಥೆಯನ್ನು ಹೆಂಗಸರ ಖರ್ಚಿಗೆ ಕಡಿವಾಣ ಹಾಕಲು ಬಳಸುವವರನ್ನು ಕಂಡಿದ್ದೇನೆ. ಆದರೆ ಲಕ್ಕಮ್ಮ ಅಕ್ಕಿಯನ್ನೇ ಬೇಡವೆನ್ನಲಿಲ್ಲ, ಎಂದಿನಷ್ಟು ಸಾಕೆಂದಳು. ಅಗತ್ಯದಷ್ಟು ಬೇಕೇ ಬೇಕು ಎಂಬುದೂ ಅದರಲ್ಲಿ ಅಡಗಿದೆ. ನಮ್ಮ ಮನೆಗಳಲ್ಲಿ ಗಂಡನ ಅಂಗಿಗೆ, ಮಕ್ಕಳ ಬೂಟಿಗೆ, ಮದುವೆಯ ಸೀರೆಗೆ ಹಣ ಹೊಂದುತ್ತದೆ. ತಾಯಿಯ ಒಳಬಟ್ಟೆ ಮಾತ್ರ ಹರಿದು ಪಿನ್ನು ಚುಚ್ಚಿಕೊಂಡ ಮೇಲೂ ಮುಂದಿನ ತಿಂಗಳಿಗೆ ಹೋಗುತ್ತದೆ. ಯಜಮಾನರು ಈ ಖರ್ಚಿನ ಲೆಕ್ಕ ಕೇಳದಿರುವುದು ಉತ್ತಮ. ಪತ್ರ ಬರೆದ ತಾಯಿಗೆ ನನ್ನ ಉತ್ತರ: ಮಗಳ ಅಳತೆ ತೆಗೆಸಿ, ಆ ಅಳತೆಗೆ ಕೂರುವ ಹತ್ತಿಯದನ್ನು ನಡುಬೆಲೆಯಲ್ಲಿ ಕೊಡಿಸಿರಿ, ಉಳಿದ ಹಣದಲ್ಲಿ ತಮಗೂ ಅಳತೆಗೆ ತಕ್ಕದ್ದನ್ನು ಕೊಳ್ಳಿರಿ.

ಹಲವರು ಕೇಳುವ ಇನ್ನೊಂದು ಅಂಜಿಕೆಯ ಮಾತುಂಟು: ಬ್ರಾ ತೊಟ್ಟರೆ ಸ್ತನದ ಕ್ಯಾನ್ಸರ್ ಬರುತ್ತದೆಯೇ ಎಂದು. ಅಮೆರಿಕದ ಸಿಯಾಟಲ್ ನಗರದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನ ಕೇಂದ್ರದವರು ಮುಟ್ಟು ನಿಂತ ಮಹಿಳೆಯರಲ್ಲಿ ಇದನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧವೇನೂ ಕಾಣಲಿಲ್ಲ. ದಿನಕ್ಕೆ ಎಷ್ಟು ಹೊತ್ತು ತೊಟ್ಟರು, ತಂತಿಯಿತ್ತೇ ಇಲ್ಲವೇ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಆದರೆ ಎದೆಯಲ್ಲಿ ಗಂಟು ಕೈಗೆ ಹತ್ತಿದರೆ ಯಾವ ಬಟ್ಟೆಯನ್ನೂ ದೂರದೆ ವೈದ್ಯರಲ್ಲಿಗೆ ಹೋಗಬೇಕು, ತಡಮಾಡಬಾರದು. ಹಾಲೂಡಿಸುವ ತಾಯಂದಿರು ಅತಿ ಬಿಗಿಯಾದುದನ್ನು ತೊಟ್ಟರೆ ಹಾಲು ಕಟ್ಟಿ ನೋವಾಗುವುದುಂಟು. ಅವರಿಗೆಂದೇ ಮುಂದೆ ತೆರೆಯುವಂಥವು ಸಿಗುತ್ತವೆ. ಕೈ ಹಿಂದಕ್ಕೆ ಬಾಗದ ವಯೋವೃದ್ಧೆಯರಿಗೆ ಮುಂದೆ ಕೊಂಡಿಯಿರುವುದು ಅನುಕೂಲ. ಮನೆಯಲ್ಲಿ ಮಲಗುವಾಗ ಬಿಚ್ಚಿಡುವುದೋ ಬಿಡುವುದೋ ಅವರವರ ಹಿತಕ್ಕೆ ಬಿಟ್ಟದ್ದು.

ಚರ್ಮದ ಉರಿಯ ಬಗ್ಗೆ ಎರಡು ಮಾತು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ, ಹೊಲದಲ್ಲಿ ಕಳೆ ತೆಗೆಯುವಾಗ ಎದೆಯ ಕೆಳಗೆ ಬೆವರು ನಿಲ್ಲುತ್ತದೆ. ನೈಲಾನ್ ಬಟ್ಟೆ ಅದನ್ನು ಹೀರುವುದಿಲ್ಲ. ನಿಂತ ಹಸಿಯಲ್ಲಿ ಬೂಷ್ಟಿನ ಸೋಂಕು ಬೆಳೆಯುತ್ತದೆ. ಹತ್ತಿಯದನ್ನು ತೊಟ್ಟು, ಬೆವರಿದಾಗ ಬದಲಾಯಿಸಿ, ಸ್ನಾನದ ನಂತರ ಆ ಜಾಗವನ್ನು ಒರಸಿ ಒಣಗಿಸಿದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆಗದಿದ್ದರೆ ವೈದ್ಯರ ಮುಲಾಮು ಬೇಕು. ಕಡೆಯಪಕ್ಷ ಮೂರು ಬ್ರಾಗಳಿರಲಿ. ಒಂದನ್ನೇ ದಿನವೂ ತೊಡದಿದ್ದರೆ ಎಲಾಸ್ಟಿಕ್ಕಿಗೂ ವಿಶ್ರಾಂತಿ ಸಿಗುತ್ತದೆ. ಬಿಸಿನೀರಿನಲ್ಲಿ ಕುದಿಸದೆ, ಹಿಂಡಿ ತಿರುಚದೆ, ತಣ್ಣೀರಿನಲ್ಲಿ ಕೈಯಿಂದಲೇ ಒಗೆಯಬೇಕು.

ಒಗೆದ ಮೇಲೆ ಒಣಗಿಸುವುದು ಎಲ್ಲಿ? ಅನೇಕ ಮನೆಗಳಲ್ಲಿ ಇದನ್ನು ಬಚ್ಚಲಿನ ಮೂಲೆಯಲ್ಲೋ ಸೀರೆಯ ಮಡಿಕೆಯ ಅಡಿಯಲ್ಲೋ ಬಚ್ಚಿಡುತ್ತಾರೆ. ಗಾಳಿಯಿಲ್ಲದೆ ಅರೆಹಸಿಯಾಗಿಯೇ ಮತ್ತೆ ಮೈ ಮೇಲೆ ಬರುತ್ತದೆ, ಮತ್ತೆ ತುರಿಕೆ. ಮೈದುನರು, ಮಾವಂದಿರು ಇರುವ ಕೂಡುಮನೆಯಲ್ಲಿ ಸೊಸೆಗೆ ಬೇರೆ ದಾರಿ ಕಾಣದು. ಅತ್ತೆಯೇ ಮೊದಲು ತನ್ನದನ್ನು ಮಾಳಿಗೆಯ ಹಗ್ಗದ ಮೇಲೆ ಗಾಳಿಗೆ ಹರವಿದರೆ ಮರುದಿನ ಸೊಸೆಯದೂ ಅಲ್ಲಿಗೆ ಬರುತ್ತದೆ.